ಎರಡನೆಯ ವಿದಾಯ

ಊರು ಬಿಟ್ಟು ಹೊರಡುವವರನ್ನು ಕಳುಹಿಸಿಕೊಡುವ ರೀತಿ ನಮ್ಮ ಜನಕ್ಕೆ ಚೆನ್ನಾಗಿ ತಿಳಿದಿದೆ. ಗಂಡನ ಮನೆಗೆ ಹೊರಟ ಮಗಳಿಗೆ ಮಡಿಲಕ್ಕಿ ಉಂಟು. ಯಾತ್ರೆಗೆ ಹೊರಟ ಹಿರಿಯರಿಗೆ ಬುತ್ತಿಯ ಗಂಟು ಉಂಟು. ದೂರದ ಊರಿಗೆ ಓದಲು ಹೊರಟ ಹುಡುಗನ ಅಂಗೈಗೆ ಮೊಸರು ಸಕ್ಕರೆ ಉಂಟು. ಹೊರಡುವವನು "ಹೋಗುತ್ತೇನೆ" ಎನ್ನಬಾರದು, "ಹೋಗಿಬರುತ್ತೇನೆ" ಎನ್ನಬೇಕು ಎಂಬುದು ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೂ ಗೊತ್ತಿರುವ ಮರ್ಯಾದೆ. ಆ "ಬರುತ್ತೇನೆ" ಎಂಬ ಒಂದು ಮಾತನ್ನು ನೆಚ್ಚಿಕೊಂಡು ಎಷ್ಟು ತಾಯಂದಿರು ಎಷ್ಟು ವರ್ಷಗಳನ್ನು ಕಳೆದಿಲ್ಲ! ಆದರೆ ಹೋದ ಊರೇ ಕ್ರಮೇಣ ತನ್ನ ಊರಾಗಿ, ಅಲ್ಲಿಯ ಮಾತೇ ತನ್ನ ಮಾತಾಗಿ, ಕೊನೆಗೊಂದು ದಿನ ಅಲ್ಲಿಂದಲೂ ಹೊರಡಬೇಕಾಗಿ ಬಂದವನ ಪಾಡೇನು? ಅವನು "ಹೋಗಿಬರುತ್ತೇನೆ" ಎನ್ನುವಂತಿಲ್ಲ. ಬರುವುದಿಲ್ಲವೆಂಬುದು ಅವನಿಗೂ ಗೊತ್ತು, ಕಳುಹಿಸುವವರಿಗೂ ಗೊತ್ತು. ಈ ಎರಡನೆಯ ವಿದಾಯಕ್ಕೆ ನಮ್ಮಲ್ಲಿ ಶಾಸ್ತ್ರವಿಲ್ಲ. ಬೇರೆಯವರಲ್ಲಿಯೂ ಇದ್ದಂತೆ ಕಾಣೆ.

ಹೊಳಲೂರಿನ ಸುತ್ತಿನಲ್ಲಿ ಬಾಳಿದವರಿಗೆ ಅಗಲಿಕೆ ಹೊಸದಲ್ಲ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿದಾಗ ಮನೆ, ಗದ್ದೆ, ತೋಟಗಳನ್ನು ನೀರಿಗೆ ಬಿಟ್ಟು ಬಂದ ಕುಟುಂಬಗಳು ನಮ್ಮ ಜಿಲ್ಲೆಯ ನಾನಾ ಮೂಲೆಗಳಲ್ಲಿವೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದ ಮೇಲೆ ಎಲ್ಲೆಲ್ಲಿಂದಲೋ ಬಂದು ಅಲ್ಲಿ ತಲೆಮಾರುಗಳ ಕಾಲ ನೆಲೆಸಿದವರು, ಅದನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದಾಗ, ತಮ್ಮ ಊರು ಯಾವುದೆಂದು ತಮ್ಮನ್ನೇ ಕೇಳಿಕೊಳ್ಳಬೇಕಾಯಿತು. ಇಂಥವರ ದುಃಖಕ್ಕೆ ಲೋಕ ಮರುಗುತ್ತದೆ, ಮರುಗಬೇಕಾದದ್ದೇ. ಆದರೆ ಯಾರೂ ಹೊರದೂಡದೆ, ದೇವರ ಕೆಲಸವೆಂದು ತಾನೇ ಬಯಸಿ ಪರದೇಶಕ್ಕೆ ಹೋದ ಮಿಷನರಿಯ ದುಃಖಕ್ಕೆ ಮರುಗುವವರು ಕಡಿಮೆ. "ಬೇಕೆಂದು ಹೋದವರಿಗೆ ಅಳುವ ಹಕ್ಕೆಲ್ಲಿ?" ಎಂದುಬಿಡುತ್ತೇವೆ. ಈ ಮಾತು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಮತಪ್ರಚಾರದ ಸಾಧಕಬಾಧಕಗಳನ್ನು ತೂಗುವುದು ಇಲ್ಲಿ ನನ್ನ ಉದ್ದೇಶವಲ್ಲ. ಅದು ಬೇರೆಯೇ ಚರ್ಚೆ. ಅದರಲ್ಲಿ ಎರಡು ಪಕ್ಷಗಳಿಗೂ ಹೇಳಲು ಬೇಕಾದಷ್ಟಿದೆ. ನಾನು ನೋಡಬೇಕೆಂದಿರುವುದು ಆ ಕೆಲಸಕ್ಕೆ ಹೋದ ಮನುಷ್ಯರನ್ನು. ಅದಕ್ಕೆ ನಮಗೆ ದೂರ ಹೋಗಬೇಕಾದುದೂ ಇಲ್ಲ. ನಮ್ಮ ಕನ್ನಡ ನಾಡೇ ಅವರಿಗೆ ಪರದೇಶವಾಗಿತ್ತು.

ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಪಶ್ಚಿಮ ಕರಾವಳಿಯಲ್ಲಿ ಇಳಿದು ಮಂಗಳೂರಿಗೆ ಬಂದದ್ದು 1834ರಲ್ಲಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಬಂದವರಲ್ಲಿ ಅನೇಕರು ಆಫ್ರಿಕಾ ಖಂಡವನ್ನು ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ಕಳೆಯಬೇಕಾಗಿತ್ತು. ಮನೆಯಿಂದ ಒಂದು ಸಾವಿನ ಸುದ್ದಿ ಬಂದರೆ, ಅದು ತಲಪುವ ಹೊತ್ತಿಗೆ ಅಲ್ಲಿ ಗೋರಿಯ ಮೇಲೆ ಹುಲ್ಲು ಬೆಳೆದಿರುತ್ತಿತ್ತು. ಬಂದ ಯುವಕ ಮೊದಲ ಕೆಲವು ವರ್ಷ ಮದುವೆಯಾಗುವಂತಿರಲಿಲ್ಲ. ಆಮೇಲೂ ಆಡಳಿತ ಸಮಿತಿಯ ಒಪ್ಪಿಗೆ ಬೇಕು. ಎಷ್ಟೋ ಮಂದಿ ಕನ್ಯೆಯರು ತಾವು ಸರಿಯಾಗಿ ಕಂಡರಿಯದ ವರನನ್ನು ವರಿಸಲು ಒಬ್ಬಂಟಿಯಾಗಿ ಸಮುದ್ರ ದಾಟಿ ಬಂದರು. ನಮ್ಮ ಹಳ್ಳಿಯ ಹೆಣ್ಣು ತೌರಿಗೂ ಅತ್ತೆಯ ಮನೆಗೂ ನಡುವೆ ಒಂದು ಹೊಳೆ ಅಡ್ಡವಿದ್ದರೆ ಹಾಡು ಕಟ್ಟುತ್ತಾಳೆ. ಇವರಿಗೆ ಅಡ್ಡವಿದ್ದುದು ಎರಡು ಮಹಾಸಾಗರಗಳು.

ಇದಕ್ಕಿಂತ ಕಠಿನವಾದುದು ಮಕ್ಕಳ ಅಗಲಿಕೆ. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯೂರೋಪಿಗೆ ಕಳುಹಿಸುವುದು ವಾಡಿಕೆಯಾಗಿತ್ತು. ಅವರಿಗೆಂದೇ ಬಾಸೆಲ್ ನಗರದಲ್ಲಿ ಒಂದು ಮಕ್ಕಳ ಮನೆ ಇತ್ತು. ಮಲಯಾಳ ನಿಘಂಟಿನಿಂದ ಪ್ರಸಿದ್ಧನಾದ ಹರ್ಮನ್ ಗುಂಡರ್ಟನ ಮಗಳು ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ನಾಲ್ಕರ ಎಳವೆಯಲ್ಲೇ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿ ಹಿಂದಿರುಗಿದರು. ಅವಳು ಮತ್ತೆ ಭಾರತವನ್ನು ಕಂಡದ್ದು 1857ರಲ್ಲಿ, ಹದಿನೈದರ ವಯಸ್ಸಿನಲ್ಲಿ. ಮಿಷನರಿಯೊಬ್ಬನನ್ನು ಮದುವೆಯಾಗಿ, 1870ರಲ್ಲಿ ವಿಧವೆಯಾಗಿ, ಕೊನೆಗೆ ಜರ್ಮನಿಯಲ್ಲೇ ನೆಲೆಸಬೇಕಾಯಿತು. ಮಂಗಳೂರಿನಲ್ಲಿ ಕೆಲವು ಕಾಲ ದುಡಿದು, ಆರೋಗ್ಯ ಕೆಟ್ಟು ಮರಳಿದ್ದ ಯೋಹಾನೆಸ್ ಹೆಸ್ಸೆ ಅವಳ ಎರಡನೆಯ ಪತಿ. ಇವರ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. "ಸಿದ್ಧಾರ್ಥ"ವನ್ನು ಬರೆದವನ ಮನೆಯಲ್ಲಿ ಭಾರತವೆಂಬುದು ಭೂಪಟದ ಹೆಸರಾಗಿರಲಿಲ್ಲ; ಅದು ಅವನ ತಾಯಿ ಎರಡು ಬಾರಿ ಕಳೆದುಕೊಂಡ ಮನೆಯಾಗಿತ್ತು.

ಕಳೆದುಕೊಂಡವರು ಅವರಷ್ಟೇ ಅಲ್ಲವೆಂಬುದನ್ನೂ ಹೇಳದಿದ್ದರೆ ಮಾತು ಏಕಪಕ್ಷವಾದೀತು. ಮಂಗಳೂರಿನ ಸಾರಸ್ವತ ಮನೆತನದ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದ. ಅವನು ಆಗ ಊರು ಬಿಡಲಿಲ್ಲ. ಆದರೂ ಹುಟ್ಟಿದ ಮನೆ ಅವನ ಪಾಲಿಗೆ ಸಮುದ್ರದಾಚೆ ಹೋಯಿತು. ಬಳಿಕ ಬಾಸೆಲ್‌ಗೆ ಹೋಗಿ ಅಭ್ಯಾಸಮಾಡಿ 1851ರಲ್ಲಿ ಉಪದೇಶಕನಾಗಿ ಮರಳಿದ; 1860ರಲ್ಲಿ ಜರ್ಮನ್ ಕನ್ಯೆಯೊಬ್ಬಳ ಕೈಹಿಡಿದ. ಆ ಮನೆಯಲ್ಲಿ ಗಂಡ ನೆಲವನ್ನು ಬಿಡದೆ ಬಳಗವನ್ನು ಬಿಟ್ಟವನು. ಹೆಂಡತಿ ನೆಲ, ಬಳಗ ಎರಡನ್ನೂ ಬಿಟ್ಟವಳು. ಅವನನ್ನು ಹೆತ್ತ ಮನೆಯವರ ಅಳಲು ಎಷ್ಟಿತ್ತೆಂಬುದನ್ನು ಯಾವ ವರದಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಾರದು.

ಇನ್ನು ಎರಡನೆಯ ವಿದಾಯದ ಮಾತು. ಹರ್ಮನ್ ಮೊಗ್ಲಿಂಗ್ 1836ರಲ್ಲಿ ಬಂದವನು. 1843ರಲ್ಲಿ "ಮಂಗಳೂರ ಸಮಾಚಾರ"ವನ್ನು ಹೊರಡಿಸಿ ಕನ್ನಡಕ್ಕೆ ಪತ್ರಿಕೆಯೆಂಬುದನ್ನು ತೋರಿಸಿಕೊಟ್ಟವನು. ನಮ್ಮ ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದವನು. 1860ರಲ್ಲಿ ಅವನು ಜರ್ಮನಿಗೆ ಮರಳಿದ, ಮತ್ತೆ ಬರಲಿಲ್ಲ. 1881ರಲ್ಲಿ ಅಲ್ಲಿಯೇ ತೀರಿಕೊಂಡ. ಇಪ್ಪತ್ತನಾಲ್ಕು ವರ್ಷ ಕನ್ನಡದಲ್ಲಿ ಬದುಕಿದವನು ಉಳಿದ ಇಪ್ಪತ್ತೊಂದು ವರ್ಷ ಏನು ಮಾಡಿದ? ನಮ್ಮ ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ. ದಾಸರ ದೇವರು ಅವನ ದೇವರಲ್ಲ. ಆದರೂ ಚಳಿನಾಡಿನ ಕೋಣೆಯಲ್ಲಿ ಕುಳಿತು ಆ ಪದಗಳನ್ನು ಒಂದೊಂದಾಗಿ ಅಳೆದು ತೂಗಿದವನಿಗೆ ಅದು ಬರಿಯ ಪಾಂಡಿತ್ಯದ ಕೆಲಸವಾಗಿತ್ತೆಂದು ನಾನು ನಂಬಲಾರೆ.

ಫರ್ಡಿನೆಂಡ್ ಕಿಟ್ಟೆಲ್ ಬಂದದ್ದು 1853ರಲ್ಲಿ. ಮೊದಲ ಪತ್ನಿಯನ್ನು ಈ ನೆಲದಲ್ಲೇ ಮಣ್ಣು ಮಾಡಿ, ಅವಳ ತಂಗಿಯನ್ನು ಮದುವೆಯಾದ. ನಡುವೆ ಜರ್ಮನಿಗೆ ಹೋಗಿ, ನಿಘಂಟಿನ ಕೆಲಸಕ್ಕಾಗಿಯೇ ಮತ್ತೆ ಬಂದು, 1892ರಲ್ಲಿ ಕೊನೆಯ ಬಾರಿಗೆ ಹೊರಟ. ಸುಮಾರು 70,000 ಶಬ್ದಗಳ ಆ ಮಹಾಕೋಶ ಮಂಗಳೂರಿನ ಮುದ್ರಣಾಲಯದಿಂದ ಹೊರಬಿದ್ದದ್ದು 1894ರಲ್ಲಿ. ಆಗ ಕೋಶಕಾರ ಇಲ್ಲಿರಲಿಲ್ಲ. ದೂರದಲ್ಲಿದ್ದೂ ಅವನು ಕೆಲಸ ನಿಲ್ಲಿಸಲಿಲ್ಲ: ಅವನ ಕನ್ನಡ ವ್ಯಾಕರಣ 1903ರಲ್ಲಿ ಪ್ರಕಟವಾಯಿತು, ಆ ವರ್ಷದ ಡಿಸೆಂಬರಿನಲ್ಲಿ ಅವನು ಕಣ್ಣು ಮುಚ್ಚಿದ.

ಮಿಷನರಿಯ ಮಗನೊಬ್ಬನ ಕಥೆ ನಮಗೆ ಇನ್ನೂ ಹತ್ತಿರದ್ದು. ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಸುಮಾರು ಐವತ್ತು ವರ್ಷ ಸೇವೆಮಾಡಿ 1887ರಲ್ಲಿ ಅಲ್ಲಿಯೇ ಮಡಿದ. ಅವನಿಗೆ ಎರಡನೆಯ ವಿದಾಯದ ಕಷ್ಟ ಬರಲಿಲ್ಲ. ಅವನ ಮಗ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವನು. ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಬೆಳಕಿಗೆ ತಂದ. ಶಿವಮೊಗ್ಗ ಜಿಲ್ಲೆಯ ಶಾಸನಗಳ ಮೊದಲ ಸಂಪುಟ 1902ರಲ್ಲಿ ಬಂತು. ನಮ್ಮ ಹಳ್ಳಿಗಳ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಮಾತಿಲ್ಲದೆ ನಿಂತಿದ್ದ ಕಲ್ಲುಗಳಿಗೆ ಮಾತು ಬರಿಸಿದವನು ಅವನು. 1906ರಲ್ಲಿ ಇಂಗ್ಲೆಂಡಿಗೆ ಹೋದ. 1927ರಲ್ಲಿ ಅಲ್ಲಿ ತೀರಿಕೊಂಡ. ಅವನು "ಸ್ವದೇಶಕ್ಕೆ ಮರಳಿದ" ಎಂದು ಬರೆಯುವುದು ರೂಢಿ. ಬೆಂಗಳೂರಿನಲ್ಲಿ ಹುಟ್ಟಿದವನಿಗೆ ಸ್ವದೇಶ ಯಾವುದು? ಆ ರೂಢಿಯ ಮಾತು ಎಷ್ಟನ್ನು ಮುಚ್ಚಿಬಿಡುತ್ತದೆ!

ಈಗ ಪ್ರವಾಹ ತಿರುಗಿದೆ. ಕಿಟ್ಟೆಲನನ್ನು ಕಳುಹಿಸಿದ ಜರ್ಮನಿಯ ಇಗರ್ಜಿಗಳಲ್ಲಿ ಇಂದು ಭಾರತದ ಪಾದ್ರಿಗಳು ಪೂಜೆ ನಡೆಸುತ್ತಾರೆ. ಕರ್ನಾಟಕದ ಸಂನ್ಯಾಸಿನಿಯರು ಆಫ್ರಿಕಾದ ಆಸ್ಪತ್ರೆ, ಶಾಲೆಗಳಲ್ಲಿ ದುಡಿಯುತ್ತಾರೆ. ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಹೀಗೆ ಪೂರ್ವ ಆಫ್ರಿಕಾದ ಹಳ್ಳಿಯೊಂದರಲ್ಲಿ ಹದಿನಾಲ್ಕು ವರ್ಷ ದಾದಿಯಾಗಿದ್ದಳು. ಅಲ್ಲಿಯ ಭಾಷೆ ಕಲಿತು, ಅಲ್ಲಿಯ ಹೆಂಗಸರ ಹೆರಿಗೆ ಮಾಡಿಸಿ, ಎಷ್ಟೋ ಮಕ್ಕಳಿಗೆ ಮೊದಲ ಹೆಸರಿಟ್ಟು ಕರೆದವಳು. ಒಂದು ದಿನ ವರ್ಗಾವಣೆಯ ಆಜ್ಞೆ ಬಂತು; ಹತ್ತು ದಿನಗಳಲ್ಲಿ ಹೊರಡಬೇಕು. "ಮಂಕಾಗಬೇಡ, ಎಲ್ಲ ಊರೂ ದೇವರದೇ" ಎಂದು ಮೇಲಿನವರು ಬರೆದರು. ಊರಿಗೆ ಬಂದಾಗ ಅವಳು ನನ್ನೊಡನೆ ಹೇಳಿದ ಮಾತು ಇಷ್ಟೆ: "ಮೇಷ್ಟ್ರೇ, ಇಲ್ಲಿಂದ ಹೋಗುವಾಗ ಮನಸಾರೆ ಅತ್ತಿದ್ದೆ. ಅಲ್ಲಿಂದ ಬರುವಾಗ ಅಳೋದಕ್ಕೆ ಯಾರೂ ಬಿಡಲಿಲ್ಲ." ಅವಳ ತಾಯಿಯ ಸಂಕಟ ಬೇರೆ. "ಮಗಳು ಮನೆಗೆ ಬಂದಿದ್ದಾಳೆ ಅಂತ ಊರೆಲ್ಲ ಹೇಳ್ತಾರೆ ಮೇಷ್ಟ್ರೇ, ನನಗೆ ಮಾತ್ರ ಅವಳು ಇನ್ನೂ ಬಂದ ಹಾಗೆ ಕಾಣ್ಸಲ್ಲ" ಎಂದರು ಆಕೆ. ಇಬ್ಬರ ಮಾತೂ ನಿಜ.

ವಿಧೇಯತೆಯನ್ನು ನಾನು ಹಳಿಯುವವನಲ್ಲ. ಒಂದೇ ಕಡೆ ಬೇರುಬಿಟ್ಟ ಸೇವಕ ಕೊನೆಗೆ ಯಜಮಾನನಾಗಿಬಿಡುವ ಅಪಾಯ ಎಲ್ಲ ಮತಗಳಲ್ಲಿಯೂ ಉಂಟು. ನಮ್ಮ ಸಂನ್ಯಾಸಿಗಳು ಚಾತುರ್ಮಾಸ್ಯ ಕಳೆದೊಡನೆ ಸಂಚಾರ ಹೊರಡಬೇಕೆಂದು ಕಟ್ಟು ಮಾಡಿದವರು ಈ ಅಪಾಯವನ್ನು ಬಲ್ಲವರೇ. ಆದರೆ ಹೊರಡುವುದು ಬೇರೆ, ಹೊರಡುವ ನೋವನ್ನು ನುಂಗೆನ್ನುವುದು ಬೇರೆ. ಕಣ್ಣೀರು ಶ್ರದ್ಧೆಯ ಕೊರತೆಯೆಂದು ಹೇಳುವವರು ತಮ್ಮ ಗ್ರಂಥವನ್ನೇ ಮತ್ತೊಮ್ಮೆ ನೋಡಬೇಕು. ಎಫೆಸದ ಹಿರಿಯರನ್ನು ಬೀಳ್ಕೊಂಡ ಪೌಲನಿಗೆ, ಅವರು ಇನ್ನು ತನ್ನ ಮುಖವನ್ನು ಕಾಣಲಾರರೆಂದು ಗೊತ್ತಿತ್ತು. ಅವನು ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿದ. ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿ, ಅವನ ಕೊರಳನ್ನು ಅಪ್ಪಿ ಅತ್ತು, ಹಡಗಿನವರೆಗೆ ಹೋಗಿ ಕಳುಹಿಸಿದರು. ನಮ್ಮ ಕಣ್ವಮಹರ್ಷಿಯೂ ಅಷ್ಟೆ: ಅರಣ್ಯವಾಸಿ, ವಿರಾಗಿ, ಶಕುಂತಲೆಯನ್ನು ಕಳುಹಿಸುವ ದಿನ ಅವನ ಕೊರಳು ಕಟ್ಟಿತು. ಕಾಳಿದಾಸ ಅದನ್ನು ಅವನ ತಪಸ್ಸಿನ ಕುಂದೆಂದು ಎಣಿಸಲಿಲ್ಲ.

ಆದುದರಿಂದ ನಾನು ಕೇಳುವುದು ಮೂರು ಬಗೆಯ ಉದಾರತೆ. ಕಳುಹಿಸುವ ಸಂಸ್ಥೆಗಳು ಹೊರಡುವವರಿಗೆ ಕಾಲ ಕೊಡಲಿ. ಮನೆಮನೆಗೆ ಹೋಗಿ ಹೇಳಿಬರಲು, ತಪ್ಪಿದ್ದರೆ ಕ್ಷಮೆ ಕೇಳಲು, ಸತ್ತವರ ಗೋರಿಯ ಬಳಿ ಒಂದು ಗಳಿಗೆ ನಿಲ್ಲಲು ಹತ್ತು ದಿನ ಸಾಲದು. ಹೊರಡುವವರು ತಮ್ಮ ಕೆಲಸವನ್ನು ಅಲ್ಲಿಯವರ ಕೈಗೆ ಪೂರ್ತಿಯಾಗಿ ಒಪ್ಪಿಸಲಿ. ಅದೂ ಕೊನೆಯ ದಿನವಲ್ಲ, ಮೊದಲ ದಿನದಿಂದಲೇ. 1914ರಲ್ಲಿ ಮಹಾಯುದ್ಧ ಹೊತ್ತಿದಾಗ ಜರ್ಮನ್ ಪ್ರಜೆಗಳಾಗಿದ್ದ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು, ಬಳಿಕ ಹಡಗಿನಲ್ಲಿ ಸಾಗಿಸಿಬಿಟ್ಟಿತು. ಅಂಥ ಹೊತ್ತಿನಲ್ಲಿ ಒಂದು ಕೆಲಸ ಉಳಿಯಬೇಕಾದರೆ ಅದನ್ನು ಬಲ್ಲ ಕೈಗಳು ಊರಿನಲ್ಲಿಯೇ ಇರಬೇಕು. ತಾನಿಲ್ಲದೆ ನಡೆಯದ ಕೆಲಸವನ್ನು ಬೆಳೆಸಿದವನು ಎಷ್ಟು ಅತ್ತರೂ ವಿದಾಯ ಹೇಳಿದಂತಾಗುವುದಿಲ್ಲ.

ಮೂರನೆಯದು ನಮ್ಮ ಪಾಲಿನದು. ಮರಳಿ ಬಂದವರನ್ನು "ಅಂತೂ ಬಂದೆಯಲ್ಲ, ಇನ್ನೇನು ಚಿಂತೆ?" ಎಂದು ಬಾಯಿಮುಚ್ಚಿಸುವುದನ್ನು ನಾವು ಬಿಡಬೇಕು. ಹುಟ್ಟಿದ ಊರೇ ಅವರಿಗೆ ಅರ್ಧ ಪರದೇಶವಾಗಿರುತ್ತದೆ: ಅಂಗಡಿ ಬದಲಾಗಿದೆ, ಹಾದಿ ಅಗಲವಾಗಿದೆ, ಜೊತೆಯಲ್ಲಿ ಆಡಿದವರು ಬೇರೆಡೆ ನೆಲೆಸಿದ್ದಾರೆ, ಎಷ್ಟೋ ಹಿರಿಯರು ಇಲ್ಲ. ಅಂಥವರನ್ನು ಜಗಲಿಯ ಮೇಲೆ ಕೂರಿಸಿ, ಬಿಟ್ಟುಬಂದ ಊರಿನ ಮಾತನ್ನು ಕೇಳಬೇಕು. ಅಲ್ಲಿ ಮಳೆ ಯಾವಾಗ, ಜನ ಏನು ಉಣ್ಣುತ್ತಾರೆ, ಅತಿಥಿಯನ್ನು ಹೇಗೆ ಕರೆಯುತ್ತಾರೆ, ನಿನಗೆ ಅಲ್ಲಿ ಯಾರಿದ್ದರು ಎಂದು ಕೇಳಬೇಕು. ಇದಕ್ಕೆ ಖರ್ಚಿಲ್ಲ, ಒಂದು ಸಂಜೆಯ ವಿರಾಮ ಸಾಕು. ಎರಡು ಊರುಗಳನ್ನು ಪ್ರೀತಿಸಿದವರು ಯಾವ ಊರಿಗೂ ದ್ರೋಹ ಬಗೆದವರಲ್ಲ. ಅವರ ಇನ್ನೊಂದು ಊರಿಗೂ ನಮ್ಮ ಮಾತುಕತೆಯಲ್ಲಿ ಸ್ಥಳ ಸಿಕ್ಕಿದಾಗಲೇ ಅವರು ನಿಜವಾಗಿ ಮನೆಗೆ ಬಂದಂತಾಗುತ್ತದೆ.