ಅಜ್ಜನ ಹಣ, ಮೊಮ್ಮಗಳು ತೆರೆದ ಬಾಗಿಲು

ಹಣ ಗಳಿಸುವುದು ಕಷ್ಟ, ಗಳಿಸಿದ್ದನ್ನು ಉಳಿಸುವುದು ಇನ್ನೂ ಕಷ್ಟ ಎಂದು ಹಿರಿಯರು ಹೇಳುತ್ತಾರೆ. ಆದರೆ ಈ ಎರಡೂ ಕಷ್ಟಗಳಿಲ್ಲದೆ ಹಣ ಕೈಸೇರಿದವರ ಕಥೆಯೇನು? ತಾನು ಬೆವರು ಸುರಿಸದ ಸಂಪತ್ತು ಪಾಲಿಗೆ ಬಂದಾಗ ಮನುಷ್ಯನ ಮುಂದೆ ಎರಡು ದಾರಿಗಳಿರುತ್ತವೆ. ಉಂಡು, ಉಟ್ಟು, ಮೆರೆದು ಮುಗಿಸುವುದು ಒಂದು. ಇದು ನನ್ನ ವಶಕ್ಕೆ ಒಪ್ಪಿಸಿದ ಅಮಾನತ್ತು ಎಂದು ತಿಳಿದು ನಾಲ್ಕು ಜನರಿಗೆ ಉಪಯೋಗವಾಗುವಂತೆ ಮಾಡುವುದು ಇನ್ನೊಂದು. ಎರಡನೆಯ ದಾರಿಯನ್ನು ಹೊಗಳುವುದು ಸುಲಭ. ಅದರಲ್ಲಿ ನಡೆದವರಿಗೆ ಮಾತ್ರ ಅದರ ಕಲ್ಲು ಮುಳ್ಳು ಗೊತ್ತು.

2025ರ ಜುಲೈ 28ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ವಾಲಿಸ್ ಆನೆನ್‌ಬರ್ಗ್ ಎಂಬ ಮಹಿಳೆ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಪತ್ರಿಕೆಗಳ ವ್ಯಾಪಾರದಿಂದ ಬಂದ ಭಾರೀ ಸಂಪತ್ತಿನ ವಾರಸುದಾರಳಾಗಿ ಹುಟ್ಟಿ, ಬದುಕಿನ ಕೊನೆಯ 16 ವರ್ಷಗಳ ಕಾಲ ಆ ಸಂಪತ್ತಿನಿಂದ ನಡೆಯುವ ದತ್ತಿ ಸಂಸ್ಥೆಯ ಮುಖ್ಯಸ್ಥೆಯಾಗಿದ್ದವರು ಅವರು. ದಾನ ಎಂದರೆ ಕೊಡುವುದು ಮಾತ್ರವೇ, ಅಥವಾ ಕೊಡುವುದಕ್ಕಿಂತ ಮುಂಚೆ ಕಲಿಯಬೇಕಾದ್ದೂ ಇದೆಯೇ ಎಂದು ಯೋಚಿಸುವವರಿಗೆ ಅವರ ಬದುಕಿನಲ್ಲಿ ಸಾಕಷ್ಟು ವಿಷಯವಿದೆ.

ಮೊದಲು ಈ ಹಣ ಎಲ್ಲಿಂದ ಬಂತೆಂದು ನೋಡೋಣ. ವಾಲಿಸ್‌ರ ಅಜ್ಜ ಮೋಸೆಸ್ ಆನೆನ್‌ಬರ್ಗ್ ಪೂರ್ವ ಪ್ರಶ್ಯದಿಂದ ಅಮೆರಿಕಕ್ಕೆ ವಲಸೆ ಬಂದ ಬಡ ಕುಟುಂಬದ ಹುಡುಗ. ಷಿಕಾಗೋದಲ್ಲಿ ಆ ಕಾಲದ ಪತ್ರಿಕಾ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ಪತ್ರಿಕೆಗಳ ಪ್ರಸಾರ ವಿಭಾಗದಲ್ಲಿ ದುಡಿದು ಮೇಲೆ ಬಂದವರು. ಮುಂದೆ 1922ರಲ್ಲಿ ಕುದುರೆ ಜೂಜಿನ ಸುದ್ದಿಗಳ 'ಡೈಲಿ ರೇಸಿಂಗ್ ಫಾರ್ಮ್' ಪತ್ರಿಕೆಯನ್ನೂ 1936ರಲ್ಲಿ 'ಫಿಲಡೆಲ್ಫಿಯಾ ಇನ್‌ಕ್ವೈರರ್' ದಿನಪತ್ರಿಕೆಯನ್ನೂ ಕೊಂಡರು. 1939ರಲ್ಲಿ, ಅಂದರೆ ಮೊಮ್ಮಗಳು ಹುಟ್ಟಿದ ವರ್ಷವೇ, ಅವರ ಮೇಲೆ ಭಾರೀ ತೆರಿಗೆ ವಂಚನೆಯ ಆರೋಪ ಬಂತು. 1940ರಲ್ಲಿ ತಪ್ಪೊಪ್ಪಿಕೊಂಡು ಜೈಲು ಸೇರಿದರು. 1942ರಲ್ಲಿ ಬಿಡುಗಡೆಯಾಗಿ ಹೊರಬಂದ ಕೆಲವೇ ವಾರಗಳಲ್ಲಿ ತೀರಿಹೋದರು.

ಸಾಲ, ಅಪಮಾನ ಮತ್ತು ವ್ಯಾಪಾರ ಮೂರೂ ಮಗ ವಾಲ್ಟರ್‌ನ ಹೆಗಲೇರಿದವು. ವಾಲ್ಟರ್ ಸೋಲಲಿಲ್ಲ. 1953ರಲ್ಲಿ ದೇಶವ್ಯಾಪಿಯಾಗಿ ಆರಂಭಿಸಿದ 'ಟಿವಿ ಗೈಡ್' ಎಂಬ ವಾರಪತ್ರಿಕೆ ಅವರ ಕೈ ಹಿಡಿಯಿತು. ಯಾವ ವಾಹಿನಿಯಲ್ಲಿ ಯಾವಾಗ ಯಾವ ಕಾರ್ಯಕ್ರಮ ಎಂದು ತಿಳಿಸುವ ಸಣ್ಣ ಪುಸ್ತಿಕೆ ಅದು. 1970ರ ದಶಕದಲ್ಲಿ ಅದರ ಪ್ರತಿಗಳು ವಾರಕ್ಕೆ 2 ಕೋಟಿಯ ಹತ್ತಿರ ಮುಟ್ಟಿದ್ದವು. 1988ರಲ್ಲಿ ವಾಲ್ಟರ್ ತಮ್ಮ ಪ್ರಕಾಶನ ಸಂಸ್ಥೆಯನ್ನು ರೂಪರ್ಟ್ ಮರ್ಡೋಕ್‌ಗೆ ಸುಮಾರು 300 ಕೋಟಿ ಡಾಲರಿಗೆ ಮಾರಿದರು. ಮರುವರ್ಷ ಅದರಲ್ಲಿ ಸುಮಾರು 120 ಕೋಟಿ ಡಾಲರನ್ನು ತೆಗೆದಿಟ್ಟು ಆನೆನ್‌ಬರ್ಗ್ ಫೌಂಡೇಶನ್ ಸ್ಥಾಪಿಸಿದರು.

ಫೌಂಡೇಶನ್ ಎಂದರೇನೆಂದು ಒಂದು ಮಾತು ಹೇಳಬೇಕು. ನಮ್ಮ ಓದುಗರಿಗೆ ವಕ್ಫ್ ಗೊತ್ತು. ಒಮ್ಮೆ ಕೊಟ್ಟ ಮೇಲೆ ಆಸ್ತಿ ಕೊಟ್ಟವರದ್ದಲ್ಲ, ಮುತವಲ್ಲಿ ಅದನ್ನು ನೋಡಿಕೊಳ್ಳುವವನು ಮಾತ್ರ. ಅಮೆರಿಕದ ಫೌಂಡೇಶನ್ ಕೂಡ ಒಂದು ಮಟ್ಟಿಗೆ ಹಾಗೆಯೇ. ಅದರ ಹಣವನ್ನು ಮನೆಯವರು ತಮ್ಮ ಸುಖಕ್ಕೆ ಬಳಸುವಂತಿಲ್ಲ. ವರ್ಷಕ್ಕೆ ಸುಮಾರು ಶೇ. 5ರಷ್ಟನ್ನು ಸತ್ಕಾರ್ಯಗಳಿಗೆ ಖರ್ಚು ಮಾಡಲೇಬೇಕೆಂದು ಕಾನೂನಿದೆ. ಪ್ರತಿಯಾಗಿ ಸರಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ವ್ಯತ್ಯಾಸ ಏನೆಂದರೆ, ವಕ್ಫ್‌ನಲ್ಲಿ ಉದ್ದೇಶವನ್ನು ಕೊಟ್ಟವರೇ ಗೊತ್ತುಪಡಿಸಿರುತ್ತಾರೆ. ಇಲ್ಲಿ ಯಾವುದು ಸತ್ಕಾರ್ಯವೆಂದು ತೀರ್ಮಾನಿಸುವ ವಿಶಾಲ ಅಧಿಕಾರ ಕುರ್ಚಿಯಲ್ಲಿ ಕುಳಿತವರದ್ದು.

ಆ ಕುರ್ಚಿ ವಾಲಿಸ್‌ಗೆ ಸಿಕ್ಕಿದ್ದು ಬಹಳ ತಡವಾಗಿ. ಕಾಲೇಜು ಶಿಕ್ಷಣವನ್ನು ಅರ್ಧಕ್ಕೆ ಬಿಟ್ಟು 1960ರಲ್ಲಿ ವೈದ್ಯರೊಬ್ಬರನ್ನು ಮದುವೆಯಾದರು. 1962ರಲ್ಲಿ ಏಕೈಕ ಸಹೋದರ ರೋಜರ್ ತೀರಿಕೊಂಡ. ನಾಲ್ಕು ಮಕ್ಕಳ ತಾಯಿಯಾದ ಬಳಿಕ 1975ರಲ್ಲಿ ಅವರ ವೈವಾಹಿಕ ಜೀವನ ಮುರಿದುಬಿತ್ತು. ತಂದೆಯ 'ಟಿವಿ ಗೈಡ್'ನಲ್ಲೇ ಕೆಲಸಕ್ಕೆ ಹೋದರು. 2002ರಲ್ಲಿ ತಂದೆ ತೀರಿಕೊಂಡಾಗ ಫೌಂಡೇಶನ್ನಿನ ಮುಖ್ಯಸ್ಥೆಯಾದವರು ಮಲತಾಯಿ ಲಿಯೊನೋರ್. 2009ರ ಮಾರ್ಚ್‌ನಲ್ಲಿ ಅವರು ನಿಧನರಾದಾಗಷ್ಟೇ ಕೀಲಿಕೈ ವಾಲಿಸ್‌ರ ಕೈಗೆ ಬಂತು. ಆಗ ಅವರಿಗೆ 69 ವರ್ಷ! ನಮ್ಮಲ್ಲಿ ಆ ವಯಸ್ಸಿನ ತಾಯಂದಿರಿಗೆ, ಇನ್ನು ನಿಮ್ಮ ಕೆಲಸವೆಲ್ಲ ಮುಗಿಯಿತು, ಒಂದು ಕಡೆ ಸುಮ್ಮನೆ ಕುಳಿತುಕೊಳ್ಳಿ ಎನ್ನುತ್ತೇವೆ.

ತಂದೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ದೊಡ್ಡ ದೊಡ್ಡ ಮೊತ್ತ ಕೊಟ್ಟವರು. 1993ರಲ್ಲಿ ಅಮೆರಿಕದ ಸರಕಾರಿ ಶಾಲೆಗಳ ಸುಧಾರಣೆಗೆಂದು 50 ಕೋಟಿ ಡಾಲರ್ ಘೋಷಿಸಿದ್ದು ಆಗ ಮನೆಮಾತಾಗಿತ್ತು. ಆದರೆ ಫಲಿತಾಂಶ? ಷಿಕಾಗೋದಲ್ಲಿ ಈ ಹಣ ಪಡೆದ ಶಾಲೆಗಳ ಬಗ್ಗೆ ಅಲ್ಲಿನ ಸಂಶೋಧಕರು 2003ರಲ್ಲಿ ವರದಿ ಕೊಟ್ಟರು. ಹಣ ಪಡೆದ ಶಾಲೆಗಳ ಮಕ್ಕಳ ಕಲಿಕೆಗೂ ಪಡೆಯದ ಶಾಲೆಗಳ ಮಕ್ಕಳ ಕಲಿಕೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳಿಗೆ ಪಾಠ ಹೇಳಿಯೇ ಬದುಕುತ್ತಿರುವ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಮೇಲಿನಿಂದ ಸುರಿದ ನೀರೆಲ್ಲ ಬೇರಿಗೆ ಇಳಿಯುವುದಿಲ್ಲ.

ಮಗಳು ಆರಿಸಿಕೊಂಡ ಕ್ಷೇತ್ರ ಬೇರೆ. ಅವರು ಹೆಚ್ಚಾಗಿ ತಾವು ವಾಸಿಸುವ ಲಾಸ್ ಏಂಜಲೀಸ್ ಕಡೆಗೆ ದೃಷ್ಟಿ ಹರಿಸಿದರು. ಸಾಮಾನ್ಯ ಜನರು ಬಂದು ಕುಳಿತುಕೊಳ್ಳುವ, ನೋಡುವ, ಕಲಿಯುವ ಜಾಗಗಳನ್ನು ಮಾಡಿಕೊಟ್ಟರು. ಅವುಗಳಲ್ಲಿ ಒಂದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಸಾಂಟಾ ಮೋನಿಕಾ ಎಂಬಲ್ಲಿ ಸಮುದ್ರದ ದಂಡೆಯಲ್ಲೇ 1920ರ ದಶಕದಲ್ಲಿ ಒಂದು ಬಂಗಲೆ ಎದ್ದಿತ್ತು. ಅದರಲ್ಲಿ ನೂರಕ್ಕೂ ಹೆಚ್ಚು ಕೋಣೆಗಳು. ಕಟ್ಟಿಸಿದವನು ಅದೇ ಹರ್ಸ್ಟ್, ನಟಿ ಮೇರಿಯನ್ ಡೇವಿಸ್‌ಗಾಗಿ. ಸಿನಿಮಾ ತಾರೆಯರ ಔತಣಕೂಟಗಳಿಗೆ ಅದು ಹೆಸರಾಗಿತ್ತು. ಮುಂದೆ ಬಂಗಲೆಯ ಮುಖ್ಯ ಕಟ್ಟಡ ನೆಲಸಮವಾಯಿತು, ಜಾಗ ಸರಕಾರಕ್ಕೆ ಬಂತು. ಆದರೂ ಬಾಗಿಲು ತೆರೆಯಲಿಲ್ಲ. ದಶಕಗಳ ಕಾಲ ಅಲ್ಲಿ ಸದಸ್ಯರಿಗೆ ಮಾತ್ರ ಪ್ರವೇಶವಿರುವ ಖಾಸಗಿ ಕ್ಲಬ್ ನಡೆಯಿತು. ಜಾಗ ಜನರದ್ದು, ಆದರೆ ಜನ ಬೇಲಿಯ ಹೊರಗೆ! 1994ರ ಭೂಕಂಪದಲ್ಲಿ ಉಳಿದ ಕಟ್ಟಡಗಳಿಗೂ ಹಾನಿಯಾಯಿತು. ದುರಸ್ತಿ ಮಾಡಿಸಲು ನಗರಸಭೆಯ ಬಳಿ ಹಣವಿರಲಿಲ್ಲ.

ವಾಲಿಸ್‌ರ ಶಿಫಾರಸಿನ ಮೇಲೆ ಫೌಂಡೇಶನ್ 2.75 ಕೋಟಿ ಡಾಲರ್ ಕೊಟ್ಟಿತು. 2009ರ ಏಪ್ರಿಲ್‌ನಲ್ಲಿ ಅದು ಸಾರ್ವಜನಿಕರ ಬೀಚ್ ಹೌಸ್ ಆಗಿ ತೆರೆಯಿತು. ಸದಸ್ಯತ್ವ ಬೇಕಿಲ್ಲ, ಪರಿಚಯದವರ ಚೀಟಿ ಬೇಕಿಲ್ಲ. ತಾರೆಯರು ಈಜಿದ ಕೊಳದಲ್ಲಿ ಸಣ್ಣ ಶುಲ್ಕ ಕೊಟ್ಟು ಕೂಲಿಯವನ ಮಗನೂ ಈಜಬಹುದು. ವಿಚಿತ್ರ ನೋಡಿ. ಹರ್ಸ್ಟ್‌ನ ಕೈಕೆಳಗೆ ದುಡಿದ ಮೋಸೆಸ್‌ನ ಮೊಮ್ಮಗಳೇ ಹರ್ಸ್ಟ್‌ನ ಅಂಗಳದ ಬಾಗಿಲನ್ನು ಊರಿಗೆ ತೆರೆದುಕೊಟ್ಟಳು.

2022ರಲ್ಲಿ ವೃದ್ಧರಿಗಾಗಿ 'ಜೆನ್‌ಸ್ಪೇಸ್' ಎಂಬ ಕೇಂದ್ರ ಶುರುವಾಯಿತು. ಕೊರಿಯಾ ಟೌನ್ ಎಂಬ ಬಡಾವಣೆಯಲ್ಲಿ, ಯಹೂದಿ ಪ್ರಾರ್ಥನಾ ಮಂದಿರವೊಂದಕ್ಕೆ ಸೇರಿದ ಕಟ್ಟಡದಲ್ಲಿ ಅದಿದೆ. ಆದರೆ ಎಲ್ಲ ಜನಾಂಗದ, ಎಲ್ಲ ಧರ್ಮದ ಹಿರಿಯರಿಗೂ ಅದು ತೆರೆದಿದೆ. ವ್ಯಾಯಾಮ, ತರಗತಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಮಾತನಾಡಲು ಜನ. ಒಂಟಿತನ ಮುಪ್ಪಿನ ದೊಡ್ಡ ಕಾಯಿಲೆ ಎಂಬುದು 80 ದಾಟಿದ ಮುಖ್ಯಸ್ಥೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ವರ್ಷದ ಏಪ್ರಿಲ್ 22ರಂದು ಇನ್ನೊಂದು ಕೆಲಸ ಆರಂಭವಾಯಿತು. ಲಾಸ್ ಏಂಜಲೀಸ್ ಸಮೀಪ 10 ಪಥಗಳ ಹೆದ್ದಾರಿಯಲ್ಲಿ ದಿನಕ್ಕೆ 3 ಲಕ್ಷಕ್ಕೂ ಹೆಚ್ಚು ವಾಹನಗಳು ಓಡುತ್ತವೆ. ಅದು ಕಾಡನ್ನು ಎರಡಾಗಿ ಸೀಳಿದ್ದರಿಂದ ಪ್ಯೂಮಾ ಎಂಬ, ಚಿರತೆಯಷ್ಟು ದೊಡ್ಡ ಪ್ರಾಣಿಗಳು ಸಂಗಾತಿ ಸಿಗದೆ ಕ್ಷೀಣಿಸುತ್ತಿದ್ದವು. ಹೆದ್ದಾರಿಯ ಮೇಲೆ ಮಣ್ಣು ಹಾಕಿ, ಗಿಡ ನೆಟ್ಟು, ಪ್ರಾಣಿಗಳಿಗಾಗಿಯೇ ಸೇತುವೆ ಕಟ್ಟುವ ಯೋಜನೆ ಇದು. ಇದಕ್ಕೆ ವಾಲಿಸ್ 2021ರಲ್ಲಿ 2.5 ಕೋಟಿ ಡಾಲರ್ ಘೋಷಿಸಿದರು, ಅದೂ ಇತರರೂ ಕೈಜೋಡಿಸಬೇಕು ಎಂಬ ಷರತ್ತಿನೊಂದಿಗೆ. ಅವರು ಕಣ್ಣು ಮುಚ್ಚುವಾಗ ಸೇತುವೆಯ ಕೆಲಸ ಇನ್ನೂ ನಡೆಯುತ್ತಿತ್ತು. ಉಪಕಾರ ಪಡೆದವರು ಕೃತಜ್ಞತೆ ಹೇಳಲಾರದ, ಕೊಟ್ಟವರು ಮುಗಿದದ್ದನ್ನು ನೋಡಲಾರದ ದಾನ ಅದು.

ಇಷ್ಟು ಹೇಳಿ ನಿಲ್ಲಿಸಿದರೆ ಬರಿಯ ಹೊಗಳಿಕೆಯಾದೀತು. ಇನ್ನೊಂದು ಮುಖವನ್ನೂ ನೋಡಬೇಕು. ಲಾಸ್ ಏಂಜಲೀಸ್‌ನ ಬಲೋನಾ ಎಂಬಲ್ಲಿ ಸರಕಾರಕ್ಕೆ ಸೇರಿದ ಜೌಗು ಪ್ರದೇಶವೊಂದಿದೆ, ನೀರುಹಕ್ಕಿಗಳ ತಾಣ. ಅಲ್ಲಿ ಸುಮಾರು 5 ಕೋಟಿ ಡಾಲರ್ ಖರ್ಚಿನಲ್ಲಿ ಒಂದು ಕೇಂದ್ರ ಮಾಡಲು ಫೌಂಡೇಶನ್ ಮುಂದಾಯಿತು. ಜೌಗು ಪ್ರದೇಶದ ಬಗ್ಗೆ ತಿಳಿವಳಿಕೆ ಕೊಡುವುದರ ಜೊತೆಗೆ ನಾಯಿ ಬೆಕ್ಕುಗಳ ದತ್ತು ಕೊಡುವ ವ್ಯವಸ್ಥೆಯೂ ಆ ಯೋಜನೆಯಲ್ಲಿತ್ತು. ಪರಿಸರವಾದಿಗಳು ವಿರೋಧಿಸಿದರು. ಕಾಡು ಹಕ್ಕಿಗಳಿಗೆಂದು ಕಾಯ್ದಿಟ್ಟ ಜಾಗದಲ್ಲಿ ಸಾಕುಪ್ರಾಣಿಗಳಿಗೇನು ಕೆಲಸ ಎಂದು ಕೇಳಿದರು. 2014ರ ಡಿಸೆಂಬರ್‌ನಲ್ಲಿ ಫೌಂಡೇಶನ್ ಯೋಜನೆಯನ್ನು ಕೈಬಿಟ್ಟಿತು. ಸಾಕುಪ್ರಾಣಿಗಳ ಕೇಂದ್ರ 2017ರಲ್ಲಿ ಪ್ಲೇಯಾ ವಿಸ್ಟಾ ಬಡಾವಣೆಯಲ್ಲಿ ತೆರೆಯಿತು.

ಕೊಡುವವರಿಗೆ ಬೇಡ ಎಂದು ಹೇಳುವ ಧೈರ್ಯ ಎಷ್ಟು ಊರುಗಳಿಗಿದೆ? ಉಚಿತವಾಗಿ ಬರುವಾಗ ಕೇಳುವುದೇಕೆ ಎನ್ನುವವರೇ ಹೆಚ್ಚು. ಆದರೆ ತೆರಿಗೆಯ ರಿಯಾಯಿತಿ ಪಡೆದ ಹಣದಲ್ಲಿ ಜನರ ಪಾಲೂ ಸ್ವಲ್ಪ ಇರುತ್ತದೆ. ಹಾಗಾಗಿ ಪ್ರಶ್ನಿಸುವ ಹಕ್ಕೂ ಜನರಿಗಿದೆ. ಹೆಸರಿನ ವಿಷಯವೂ ಹೀಗೆಯೇ. ನಾಟಕ ಮಂದಿರ, ವಿಶ್ವವಿದ್ಯಾನಿಲಯದ ಕಟ್ಟಡ, ವೃದ್ಧರ ಕೇಂದ್ರ, ಪ್ರಾಣಿಗಳ ಸೇತುವೆ, ಎಲ್ಲದರ ಮೇಲೂ ವಾಲಿಸ್ ಆನೆನ್‌ಬರ್ಗ್ ಎಂಬ ಹೆಸರಿದೆ. ಜೈಲಿನ ಕಳಂಕ ಅಂಟಿದ ಮನೆತನದ ಹೆಸರನ್ನು ತೊಳೆಯುವ ಹಂಬಲ ಅದರಲ್ಲಿ ಇದ್ದಿರಲೂಬಹುದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕೇಳಿ ಬೆಳೆದ ನಮಗೆ ಇದು ಸ್ವಲ್ಪ ಕಸಿವಿಸಿ ಉಂಟುಮಾಡುತ್ತದೆ. ಆದರೆ ನಮ್ಮ ಊರಿನ ಗೋಡೆಗಳ ಮೇಲಿನ ಅಮೃತಶಿಲೆಯ ಫಲಕಗಳನ್ನು ಓದಿದ ಮೇಲೆ ದೂರದವರನ್ನು ದೂರುವ ಬಾಯಿ ನಮಗಿದೆಯೇ?

ಕೋಟಿ ಡಾಲರುಗಳು ನಮ್ಮಲ್ಲಿಲ್ಲ. ಆದರೆ ತಂದೆಯಿಂದ ಬಂದ ಐದು ಸೆಂಟ್ಸ್ ಜಾಗ, ಅಜ್ಜಿಯ ಒಂದು ಜೊತೆ ಬಳೆ, ಅಣ್ಣ ಗಲ್ಫಿನಿಂದ ಕಳುಹಿಸಿದ ಹಣ, ಹೀಗೆ ನಾವು ದುಡಿಯದ ಏನಾದರೊಂದು ಅನೇಕರ ಕೈಯಲ್ಲಿದೆ. ಅದರಲ್ಲಿ ಒಂದು ಪಾಲು ಕೊಡಲು ಮನಸ್ಸಾದಾಗ, ನನಗೆ ಯಾವುದು ಇಷ್ಟ ಎಂದು ಕೇಳಿಕೊಳ್ಳುವ ಮೊದಲು, ಪಡೆಯುವವರಿಗೆ ಏನು ಬೇಕು ಎಂದು ಅವರ ಬಳಿಯೇ ಕೇಳೋಣ. ಬೇಡ ಎಂದರೆ ಮುನಿಸಿಕೊಳ್ಳದೆ ಇನ್ನೊಂದು ದಾರಿ ಹುಡುಕೋಣ. ವಯಸ್ಸಾಯಿತು, ಇನ್ನೇನು ಮಾಡುವುದು ಎನ್ನುವ ಅಕ್ಕಂದಿರೇ, ಅಮ್ಮಂದಿರೇ, 69ರಲ್ಲಿ ಕುರ್ಚಿಯೇರಿ 16 ವರ್ಷ ದುಡಿದ ಈ ಹೆಣ್ಣುಮಗಳನ್ನು ಒಮ್ಮೆ ನೆನೆಯಿರಿ. ಮನೆಯ ಕೀಲಿಕೈಯನ್ನು ಸೊಸೆಗೆ ಒಪ್ಪಿಸಿದ ಮೇಲೂ ಊರಿನಲ್ಲಿ ತೆರೆಯಬೇಕಾದ ಬಾಗಿಲುಗಳು ಎಷ್ಟೋ ಉಳಿದಿರುತ್ತವೆ.