‘ಏನೂ ಆಗುವುದಿಲ್ಲ’ ಎಂಬ ಮಾತು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರೊಬ್ಬರ ಮನೆಗೆ ಹೋಗಿದ್ದೆ. ಮಾತು ಕಲ್ಲಿನಿಂದ ಕೂಸಿನ ಕಡೆ ತಿರುಗಿತು. ಹಿರಿಯ ಮೊಮ್ಮಗನಿಗೆ 16 ತಿಂಗಳಾದಾಗ ನಾಯಿಕೆಮ್ಮು, ಗಂಟಲುಮಾರಿ, ಧನುರ್ವಾಯುಗಳ ಲಸಿಕೆ ಹಾಕಿಸಿದರಂತೆ. ಅಂದು ರಾತ್ರಿಯೇ ಜ್ವರವೇರಿ ಫಿಟ್ಸ್ ಬಂತಂತೆ. ಹುಡುಗ ಈಗ ಕಲ್ಲಿನ ಚಕ್ಕೆಗಳ ನಡುವೆ ಕುಣಿಯುತ್ತಿದ್ದಾನೆ. ಆದರೆ ಎರಡು ತಿಂಗಳ ತಮ್ಮನಿಗೆ ಸೂಜಿ ತಾಗಿಸಲು ಅಜ್ಜಿ ಬಿಡಳು. “ಏನೂ ಆಗಲ್ಲ ಅಂದಿದ್ರು ಮೇಷ್ಟ್ರೇ, ಆಯ್ತಲ್ಲ!”

ಈ ಅಜ್ಜಿಯನ್ನು ಮೂಢಳೆನ್ನುವ ವಿದ್ಯಾವಂತರೊಡನೆ ನನ್ನ ಜಗಳ. ಜ್ವರದ ಫಿಟ್ಸ್ ಸಾಮಾನ್ಯವಾಗಿ ಮಿದುಳಿಗೆ ಕೇಡು ಮಾಡದೆ ಹೋಗುತ್ತದೆಂಬುದನ್ನು ಡಾಕ್ಟರು ಬಲ್ಲರು. ಬಲ್ಲವರು ಮೊದಲೇ ಹೇಳಬಾರದಿತ್ತೆ? ಹೇಳಿದರೆ ಹಳ್ಳಿಯವರು ಹೆದರುತ್ತಾರಂತೆ! ನೋಡಲು ಚೆನ್ನಾಗಿರುವ ಕಲ್ಲೂ ಒಮ್ಮೊಮ್ಮೆ ಉಳಿಯ ಪೆಟ್ಟಿಗೆ ಸೀಳುತ್ತದೆಂದು ತಿಳಿದೇ ಕೆಲಸಕ್ಕೆ ಕೂರುವ ಮನೆಯವರಿಗೆ ‘ಅಪರೂಪ’ವೆಂಬ ಮಾತು ಅರ್ಥವಾಗದೆ?

ಹೆದರಿಕೆ ಎಲ್ಲಿಗೆ ಒಯ್ಯುತ್ತದೆಂಬುದೂ ನನಗೆ ಗೊತ್ತು. 1974ರಲ್ಲಿ ಲಂಡನ್ನಿನ ಡಾಕ್ಟರು 36 ಮಕ್ಕಳ ಮಿದುಳಿನ ಕಾಯಿಲೆಯನ್ನು ನಾಯಿಕೆಮ್ಮಿನ ಲಸಿಕೆಯೊಂದಿಗೆ ಜೋಡಿಸಿ ಬರೆದರು. ಬ್ರಿಟನ್ನಿನ ತಾಯಂದಿರು ಹಿಂದೆಗೆದರು. ಶೇಕಡಾ 80ರ ಹತ್ತಿರವಿದ್ದ ಲಸಿಕೆ 30ರ ಆಸುಪಾಸಿಗೆ ಇಳಿಯಿತು. 1977–79ರಲ್ಲಿ ಲಕ್ಷಕ್ಕೂ ಮಿಕ್ಕಿ ಜನ ನಾಯಿಕೆಮ್ಮಿಗೆ ಸಿಕ್ಕಿದರು. ಬಹಳ ಕಾಲದ ಮೇಲೆ, 2006ರಲ್ಲಿ, ಲಸಿಕೆಯಿಂದಲೇ ಮಿದುಳು ಕೆಟ್ಟಿತೆಂದು ಹೇಳಲಾಗಿದ್ದ 14 ಮಂದಿಯನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ 11 ಮಂದಿಯಲ್ಲಿ ಮೂರ್ಛೆರೋಗ ತರುವ ಜೀನ್ ದೋಷ ಕಂಡಿತು. ಸೂಜಿಯ ಮೇಲೆ ಸುಮ್ಮನೆ ಅಪವಾದ ಬಂದಿತ್ತು.

ಎಲ್ಲ ಅಪವಾದವೂ ಹಾಗಲ್ಲ. ಪೋಲಿಯೋ ಹನಿಯನ್ನೇ ನೋಡಿ. 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದೇ ದೇಶದ ಕೊನೆಯ ಕಾಡುಪೋಲಿಯೋ. ಅದು ಆ ಹನಿಯ ಪುಣ್ಯ. ಅದೇ ಹನಿಯಲ್ಲಿರುವ ಜೀವಂತ ವೈರಸ್ಸು, ಸುಮಾರು 27 ಲಕ್ಷ ಮೊದಲ ಡೋಸುಗಳಿಗೆ ಒಂದರಂತೆ, ಮಗುವಿಗೆ ಪಾರ್ಶ್ವವಾಯು ತರುತ್ತದೆ. ಸರ್ಕಾರ ಇದನ್ನು ಬಲ್ಲದು. 2015ರ ನವೆಂಬರಿನಿಂದ ಹನಿಯ ಜೊತೆಗೆ ಸತ್ತ ವೈರಸ್ಸಿನ ಚುಚ್ಚುಮದ್ದನ್ನೂ ಕೊಡುತ್ತಿದೆ. ಒಳ್ಳೆಯದೇ. ಆದರೆ ಅಷ್ಟರೊಳಗೆ ಕಾಲು ಕಳೆದುಕೊಂಡ ಕೂಸುಗಳು? ನನ್ನ ನಿಮ್ಮ ಮಕ್ಕಳು ನೆಟ್ಟಗೆ ನಡೆಯಲೆಂದು ತಾವು ಕುಂಟಾದವರು ಅವರು. 27 ಲಕ್ಷಕ್ಕೆ ಒಂದು ಎಂಬ ಲೆಕ್ಕ ನಮಗೆ ಸಮಾಧಾನ. ಆ ಒಂದು ಮನೆಯಲ್ಲಿ ಅದೇ ಪೂರ್ತಿ ಲೆಕ್ಕ.

ಬ್ರಿಟನ್ 1979ರಲ್ಲೇ ಶಾಸನ ಮಾಡಿತು: ಲಸಿಕೆಯಿಂದ ತೀವ್ರವಾಗಿ ಅಂಗವಿಕಲವಾದ ಮಗುವಿನ ಕಡೆಯವರು ಯಾರ ತಪ್ಪೆಂದು ರುಜುವಾತು ಮಾಡಬೇಕಿಲ್ಲ, ಹಣ ಕೊಡಬೇಕು. ನಮ್ಮ ಪಾರ್ಲಿಮೆಂಟೂ ಕೂಸುಗಳ ಎಲ್ಲ ಲಸಿಕೆಗೂ ಅಂಥ ಶಾಸನ ಮಾಡಲಿ, ಚೂರು ಹೆಚ್ಚು ಧಾರಾಳವಾಗಿ. ಮತ್ತು ಸೂಜಿ ಹಿಡಿದವರ ಬಾಯಲ್ಲಿ ಆ ಎರಡು ಪದಗಳ ಬದಲು ಇಷ್ಟಿರಲಿ: ಜ್ವರ ಬರಬಹುದು, ಅಪರೂಪಕ್ಕೆ ಫಿಟ್ಸ್ ಬರಬಹುದು, ಬಂದರೆ ಇಂಥಲ್ಲಿಗೆ ಬನ್ನಿ, ರಾತ್ರಿಯಾದರೂ ನಾವಿರುತ್ತೇವೆ.

ಅಜ್ಜಿಗೆ ನಾನು ಇಷ್ಟನ್ನೇ ಹೇಳಿದೆ. “ನೀವು ಇರ್ತೀರಾ ರಾತ್ರಿ?” ಎಂದಳು. ಗುರುವಾರ ಲಸಿಕೆಯ ದಿನ. ಅವಳಿನ್ನೂ ಒಪ್ಪಿಲ್ಲ.