ತಪ್ಪು ಮಾಡಲು ಒಂದು ಜಾಗ

ಅಭ್ಯಾಸ ಬೋಧನೆಗೆಂದು ಒಡೆಯರಪಾಳ್ಯದಲ್ಲಿದ್ದಾಗ, ಪಾಠಯೋಜನೆ ಬರೆದು ಮುಗಿಸಿದ ಮೇಲೆ ಹಳೆಯ ಲ್ಯಾಪ್‌ಟಾಪಿನಲ್ಲಿ ಮೇನ್‌ಫ್ರೇಮ್ ಅಸೆಂಬ್ಲಿ ಭಾಷೆ ಕಲಿಯುತ್ತಿದ್ದೆ. "ಮೇಷ್ಟ್ರಾಗೋರಿಗೆ ಇದ್ಯಾಕೆ?" ಎಂದು ಜೊತೆಯವರು ನಕ್ಕರು. ನನ್ನ ಉತ್ತರ ಇದು.

ಮೇನ್‌ಫ್ರೇಮನ್ನು ನಾನು ಕಣ್ಣಾರೆ ಕಂಡಿಲ್ಲ. ಐಬಿಎಂ 1964ರಲ್ಲಿ ಪ್ರಕಟಿಸಿದ ಸಿಸ್ಟಂ/360 ಸರಣಿಯ ಯಂತ್ರವೊಂದು 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿತ್ತು. ಆ ಕಾಲದಲ್ಲಿ ಪ್ರೋಗ್ರಾಮನ್ನು ಕಾರ್ಡುಗಳಲ್ಲಿ ಪಂಚ್ ಮಾಡಿಕೊಟ್ಟು ಫಲಿತಾಂಶಕ್ಕೆ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೆ ಸರದಿ. ಇಂದು 1999ರಲ್ಲಿ ರೋಜರ್ ಬೌಲರ್ ಹೊರತಂದ ಹರ್ಕ್ಯುಲಿಸ್ ಎಂಬ ಉಚಿತ ಎಮ್ಯುಲೇಟರ್ ಲ್ಯಾಪ್‌ಟಾಪಿನಲ್ಲೇ ಆ ಯಂತ್ರದಂತೆ ವರ್ತಿಸುತ್ತದೆ.

ಅದರಲ್ಲಿ 16 ಸಾಮಾನ್ಯ ರಿಜಿಸ್ಟರ್‌ಗಳಿವೆ. ‘ಎಆರ್ 3,4’ ಎಂದರೆ ನಾಲ್ಕನೆಯದರಲ್ಲಿರುವುದನ್ನು ಮೂರನೆಯದಕ್ಕೆ ಕೂಡು ಎಂದರ್ಥ. ಮೆಮೊರಿಯಲ್ಲಿ ಅದು ‘1ಎ34’. 5 ಮತ್ತು 7 ಕೂಡಿಸಿದೆ. 12 ಬರಲಿಲ್ಲ, ‘ಸಿ’ ಬಂತು. ಅರ್ಧ ಗಂಟೆ ತಪ್ಪು ಹುಡುಕಿದೆ. ಒಂದೊಂದೇ ಆಜ್ಞೆ ನಡೆಸಿ, ನಿಲ್ಲಿಸಿ, ರಿಜಿಸ್ಟರ್ ನೋಡಿದಾಗ ತಿಳಿಯಿತು: ಹದಿನಾರರ ಪದ್ಧತಿಯಲ್ಲಿ 12ನ್ನು ಬರೆಯುವುದೇ ಹಾಗೆ. ತಪ್ಪು ನನ್ನ ಓದಿನಲ್ಲಿತ್ತು. ಯಾರಿಗೂ ನಷ್ಟವಾಗಲಿಲ್ಲ.

ಅದೇ ವಾರ ತರಗತಿಯಲ್ಲಿ, ಮನೆಯಲ್ಲಿ ತಮಿಳು ಮಾತಾಡುವ ಹುಡುಗಿಯೊಬ್ಬಳು −3 ಮತ್ತು −4 ಕೂಡಿಸಿ 7 ಎಂದು ಬರೆದಳು. ಬೆಲ್ ಹೊಡೆಯುವ ಹೊತ್ತು. ಕೆಂಪು ಗೆರೆ ಎಳೆದು ಮುಂದೆ ಹೋದೆ. ಅವಳು ಹೇಗೆ ಯೋಚಿಸಿದಳೆಂದು ಕೇಳಲಿಲ್ಲ. ಆ ವಾರವೆಲ್ಲ ಅವಳು ಕೈ ಎತ್ತಲಿಲ್ಲ. ಇಲ್ಲಿ ಮಾತ್ರ ನಷ್ಟ ನನ್ನದಲ್ಲ, ಅವಳದು.

ನಮಗೂ ಒಂದು ಸಿಮ್ಯುಲೇಟರ್ ಇದೆ: ಸೂಕ್ಷ್ಮ ಬೋಧನೆ. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಈ ಪದ್ಧತಿಯ ಭಾರತೀಯ ಮಾದರಿಗೆ 36 ನಿಮಿಷ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಹೆಚ್ಚು ಸಮಯ ತಿದ್ದಿಕೊಳ್ಳುವುದಕ್ಕೇ ಇರುವುದನ್ನು ಗಮನಿಸಿ. ನಾವೇನು ಮಾಡುತ್ತೇವೆ? ಗೆಳೆಯರು ವಿದ್ಯಾರ್ಥಿಗಳಾಗಿ ಕುಳಿತು, ಮೊದಲೇ ಮಾತಾಡಿಕೊಂಡಂತೆ ಸರಿಯುತ್ತರ ಕೊಡುತ್ತಾರೆ. ಮರುಬೋಧನೆ ಎಷ್ಟೋ ಸಲ ರೆಕಾರ್ಡ್ ಪುಸ್ತಕದಲ್ಲಷ್ಟೇ ನಡೆಯುತ್ತದೆ. ನಾನೂ ಹಾಗೆ ಬರೆದವನೇ.

ಅಣಕು ತರಗತಿ ನಿಜವಾದ ತರಗತಿಯಲ್ಲ, ಒಪ್ಪುತ್ತೇನೆ. ಮಕ್ಕಳ ಹಸಿವು, ಹಿಂಜರಿಕೆ, ಮನೆಮಾತು ಅಲ್ಲಿ ಬರುವುದಿಲ್ಲ. ಆದ್ದರಿಂದಲೇ ಅಲ್ಲಿ ಸಾಧ್ಯವಿರುವುದನ್ನಾದರೂ ಪೂರ್ತಿ ಬಳಸಬೇಕು. ಒಬ್ಬ ಗೆಳೆಯ ಮಕ್ಕಳು ನಿಜಕ್ಕೂ ಮಾಡುವ ತಪ್ಪನ್ನೇ ಮಾಡಲಿ. ವೀಕ್ಷಕರು ನಡುವೆ ಪಾಠ ನಿಲ್ಲಿಸಿ "ಈಗ ಆ ಮಗು ಏನು ಯೋಚಿಸುತ್ತಿದೆ?" ಎಂದು ಕೇಳಲಿ. ಅಂಕ ಮೊದಲ ಪಾಠದ ಚೆಂದಕ್ಕಲ್ಲ, ಎರಡನೆಯದರಲ್ಲಿ ಆದ ಬದಲಾವಣೆಗೆ ಸಿಗಲಿ.

ನಾವು ಇಲ್ಲಿ ಮಾಡದ ತಪ್ಪನ್ನು ಮಕ್ಕಳ ಮುಂದೆ ಮಾಡುತ್ತೇವೆ. ಆಗ ನಿಲ್ಲಿಸಿ ಮೊದಲಿನಿಂದ ಶುರುಮಾಡಲು ಬರುವುದಿಲ್ಲ.